ಕೆಂಪು ದೀಪದ ಗುಂಡಿ

ಮಚ್ಛೆಯ ನಮ್ಮ ವರ್ಕ್‌ಶಾಪಿನಲ್ಲಿ ಪ್ರತಿ ಮಷಿನ್ನಿನ ಕೆಳಗೂ ಒಂದು ತಗಡಿನ ಬುಟ್ಟಿ ಇರುತ್ತಿತ್ತು. ಕೈ ಚುರುಕಾಗಿ ಓಡಿದ ದಿನ ಹತ್ತು ಪೀಸು ಹೆಚ್ಚು ಮಾಡಿ ಅದರಲ್ಲಿ ಬಚ್ಚಿಡುವುದು, ಮೈ ಬಗ್ಗದ ದಿನ ತೆಗೆದು ಕೊಡುವುದು. ಇದಕ್ಕೆ ಬುತ್ತಿ ಅನ್ನುತ್ತಿದ್ದೆವು. ಯಾರು ಶುರು ಮಾಡಿದರೋ ಗೊತ್ತಿಲ್ಲ, ಮಾಲಕರಾದ ಗೌರೀಶ ಸಾಹೇಬರಿಗೆ ಗೊತ್ತಿರಲಿಲ್ಲ, ಅಷ್ಟೇ.

ಮೈಲಾರಲಿಂಗ ಕಾಕಾನ ಬುತ್ತಿಯನ್ನು ಎರಡು ವರ್ಷದಿಂದ ನಾನೇ ತುಂಬುತ್ತಿದ್ದೆ. ಪಂಪಿನ ಎರಕವನ್ನು ಪಾನಾದಿಂದ ಬೋಲ್ಟ್ ತಿರುವಿ ಮಷಿನ್ನಿಗೆ ಬಿಗಿದು ತೂತು ಕೊರೆಯುವುದು ಅವನ ಕೆಲಸ, ಆ ತೂತಿನೊಳಗೆ ಆಟೆ, ಅಂದರೆ ತಿರುಪಿನ ಗೆರೆ, ಹಾಕುವುದು ನನ್ನದು. ಏಳನೇ ತರಗತಿಗೆ ಶಾಲೆ ಬಿಟ್ಟು ಖಾನಾಪುರದಲ್ಲಿ ಎಲ್ಲರ ಜತೆ ಬಡಿದಾಡಿಕೊಂಡು ತಿರುಗುತ್ತಿದ್ದ ನನ್ನ ಕೈಗೆ ಪಾನಾ ಕೊಟ್ಟವನು ಅವನು. ಅವನ ಬಲಗೈಯ ಮಣಿಕಟ್ಟು ಬಾತುಕೊಂಡಿತ್ತು. ಊಟದ ಹೊತ್ತಿನಲ್ಲಿ ನಾನು ಅವನ ಮಷಿನ್ನಿಗೆ ನಿಂತು ಮೂವತ್ತು ಪೀಸು ಕೊರೆದಿಟ್ಟರೆ ಅವನ ದಿನ ಸಾಗುತ್ತಿತ್ತು.

ಎರಡು ಸಾವಿರದ ಒಂದರ ದೀಪಾವಳಿ ಕಳೆದ ಮೇಲೆ ಪೂರ್ಣಿಮಾ ಮೇಡಂ ಬಂದರು. ಪೇಟೆಯ ಕ್ಯಾಂಪ್ ಬಡಾವಣೆಯಿಂದ ಸ್ಕೂಟಿಯ ಮೇಲೆ ಬರುವ ಇಂಜಿನಿಯರು, ವಯಸ್ಸು ನನಗಿಂತ ಎರಡು ವರ್ಷ ಹೆಚ್ಚಿದ್ದೀತು. ಪುಣೆಯ ಗಿರಾಕಿ ಇನ್ನೂರು ಪೀಸು ವಾಪಸು ಕಳಿಸಿದ್ದ. ತೂತು ಕೂದಲೆಳೆಯಷ್ಟು ಸರಿದಿತ್ತು, ಬುಟ್ಟಿಗಳಲ್ಲಿ ಕುಳಿತ ಮಾಲಾದ್ದರಿಂದ ವಾರದ ತನಕ ಯಾರಿಗೂ ಕಂಡಿರಲಿಲ್ಲ.

“ಬುಟ್ಟಿ ತುಂಬಿತ್ತಂದ್ರ ತಪ್ಪು ಅದರ ತಳಕ್ಕ ಮಕ್ಕೊಂಡಿರತೈತ್ರೀ” ಅಂದರು ಮೇಡಂ. ಬುಟ್ಟಿಗಳೆಲ್ಲ ಹೊರಗೆ ಹೋದವು. ಎರಡು ಮೇಜಿನ ನಡುವೆ ಹಳದಿ ಬಣ್ಣದ ಒಂದೊಂದು ಚೌಕ ಬಂತು. ಅದರಲ್ಲಿ ಎರಡೇ ಪೀಸು. ಚೌಕ ತುಂಬಿದರೆ ಹಿಂದಿನವನು ಕೈ ನಿಲ್ಲಿಸಬೇಕು. ಊಟದ ಹೊತ್ತಿಗೆ ಕರೆಂಟು ಬಂದ್, ಕಾಕಾನಿಗೆ ನಾನು ಕೊರೆದಿಡುತ್ತಿದ್ದ ಮೂವತ್ತು ಪೀಸೂ ಬಂದ್. ಪ್ರತಿ ಮೇಜಿಗೂ ಒಂದು ಕೆಂಪು ದೀಪ, ಒಂದು ಗುಂಡಿ. ತೊಂದರೆ ಆದವನು ಒತ್ತಬೇಕು, ಎಲ್ಲ ಮಷಿನ್ನೂ ನಿಲ್ಲಬೇಕು, ಮೇಡಂ ಬಂದು ಐದು ಸಲ ‘ಯಾಕ’ ಅಂತ ಕೇಳುತ್ತಾರೆ.

“ನನ್ನ ಮಗಳೂ ಹಿಂಗ ಕೇಳ್ತಾಳ್ರೀ ಮೇಡಮ್ಮಾರ” ಅಂದ ಲೇಥಿನ ಬಾಳೇಶ. “ಆಕಿಗೆ ಮೂರು ವರ್ಷ.”

ಎಲ್ಲರೂ ನಕ್ಕರು, ಮೇಡಂ ಕೂಡ. ಆದರೆ ಗುಂಡಿಯನ್ನು ಒಬ್ಬನೂ ಒತ್ತಲಿಲ್ಲ. ನನ್ನ ಕೈಲಿ ಆಗುವುದಿಲ್ಲ ಅಂತ ಊರಿಗೆಲ್ಲ ದೀಪ ಹಚ್ಚಿ ಸಾರಲು ಯಾರಿಗೆ ಮನಸ್ಸು ಬಂದೀತು? ಗೌರೀಶ ಸಾಹೇಬರು ಮೊದಲೇ ಹೇಳಿದ್ದರು: “ತಿಂಗಳ ಕಡೀಕ ಯಾರ ಮುಂದ ಮಾಲು ನಿಂತಿರತೈತಿ, ಅವರಿಗೆ ಬ್ಯಾರೆ ಹಾದಿ ನೋಡೂಣು.” ಆ ಹಾದಿ ಗೇಟಿನ ಹೊರಗಿತ್ತು. ಕಾಕಾನಿಗೆ ಐವತ್ತಾರು. ಆ ವಯಸ್ಸಿನವನನ್ನು ಮಚ್ಛೆಯ ಯಾವ ಕಾರ್ಖಾನೆಯ ಗೇಟೂ ಒಳಗೆ ಬಿಡುವುದಿಲ್ಲ.

ಬೆಳಗಿನ ಬಸ್ಸಿನಲ್ಲಿ ಅವನು ಕೈಯನ್ನು ಟವೆಲಿನಲ್ಲಿ ಸುತ್ತಿ ಕೂರುತ್ತಿದ್ದ.

“ಕಾಕಾ, ಮೇಡಂಗ ಹೇಳಿಬಿಡೂಣು.”

“ಯಲ್ಲ್ಯಾ, ಬಾಯಿ ಬಿಟ್ಟಿ ಅಂದ್ರ ನೋಡು. ಮಾರಿ ತೋರಿಸಬ್ಯಾಡ ನನಗ.”

ತಿಂಗಳು ಮುಗಿಯಲು ಆರು ದಿನವಿತ್ತು. ಅಂದು ಹನ್ನೊಂದರ ಹೊತ್ತಿಗೆ ಬಾಳೇಶನ ಚೌಕ ತುಂಬಿ ಅವನು ಕೈಕಟ್ಟಿ ನಿಂತಿದ್ದ. ಈಚೆಗೆ ನನ್ನ ಚೌಕ ಖಾಲಿ. ನಡುವೆ ಕಾಕಾ ಹಲ್ಲು ಕಚ್ಚಿ ಪಾನಾ ತಿರುವುತ್ತಿದ್ದ.

“ಏನ್ ಕಾಕಾ, ಡ್ರಿಲ್ಲಿಗೆ ಬಾಣಂತನಾ ನಡದೈತೇನು?” ಅಂದ ಬಾಳೇಶ.

ನನ್ನ ತಲೆ ಕೆಟ್ಟಿತು. ಗುಂಡಿ ಗುದ್ದಿದೆ. ಕೆಂಪು ದೀಪ ಹತ್ತಿತು. ಮಷಿನ್ನುಗಳು ಒಂದೊಂದಾಗಿ ನಿಂತವು. ಮೇಡಂ ಓಡಿ ಬಂದರು. ಜಗಳಕ್ಕೆ ನಾನು ತಯಾರಿದ್ದೆ.

“ಯಾಕ ನಿಂತತಿ?”

“ಪೀಸು ಬರವಲ್ದು.”

“ಯಾಕ ಬರವಲ್ದು?”

“ಬೋಲ್ಟ್ ಬಿಗಿಯಾಕ ಹೊತ್ತಾಗತೈತಿ.”

“ಯಾಕ?”

ಕಾಕಾ ನನ್ನನ್ನೇ ನೋಡುತ್ತಿದ್ದ. ಬೇಡ ಅನ್ನುತ್ತಿತ್ತು ಆ ಮುಖ.

“ಮಣಿಕಟ್ಟು ಬಾತೈತ್ರೀ ಅವಂದು!” ಅಂತ ಚೀರಿದೆ. “ಒಂದು ಪೀಸಿಗೆ ಪಾನಾ ಎಂಟು ಸಲ ತಿರುವಬೇಕು. ದಿನಕ್ಕ ನೂರಾ ಐವತ್ತು ಪೀಸು, ಹನ್ನೆರಡು ವರ್ಷ! ಕೇಳ್ರಿ ಈಗ, ನಾಕನೇ ಯಾಕ ಕೇಳ್ರಿ!”

ಬಾಳೇಶ ತಲೆ ತಗ್ಗಿಸಿದ. ಮೇಡಂ ನನ್ನ ಕಡೆ ತಿರುಗಲೇ ಇಲ್ಲ. ಕಾಕಾನ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಕೇಳಿದರು: “ಎಂಟು ಸಲ ಯಾಕ ತಿರುವಬೇಕ್ರೀ ಕಾಕಾ?”

“ಹಂಗ ಮಾಡಿಟ್ಟಾರ.”

“ಬ್ಯಾರೆ ಹೆಂಗರ ಮಾಡಾಕ ಬರತಿತ್ತೇನ್ರೀ?”

ಕಾಕಾ ತನ್ನ ಊಟದ ಚೀಲಕ್ಕೆ ಕೈ ಹಾಕಿ ಅರಿವೆಯಲ್ಲಿ ಸುತ್ತಿದ್ದ ಒಂದು ಕಬ್ಬಿಣದ ಹಿಡಿಕೆಯನ್ನು ತೆಗೆದ. ಅದರ ತಲೆ ಕೋಳಿ ಮೊಟ್ಟೆಯ ಆಕಾರ, ಅರದಿಂದ ಕೈಯಾರೆ ಉಜ್ಜಿದ್ದು. ಎರಡು ವರ್ಷ ಅವನ ಬುಟ್ಟಿ ತುಂಬಿದ ನಾನೂ ಅದನ್ನು ಕಂಡಿರಲಿಲ್ಲ.

“ಟ್ರಕ್ಕಿನ ಹಿಂದಿನ ಬಾಗಲಾ ನೋಡೀರೇನ್ರೀ? ಹಿಡಿಕಿ ಒಂದು ಸಲ ಒತ್ತಿದ್ರ ಗಚ್ಚ ಕುಂದರತೈತಿ. ಹಂಗ ಇದು. ಆರು ವರ್ಷದ ಹಿಂದ ಆಗಿನ ಸುಪರ್‌ವೈಜರಗ ತೋರಿಸಿದ್ದೆ. ಸಾಲಿ ಕಲತವರು ಮಾಡಿದ್ದಕ್ಕ ಕೈ ಹಚ್ಚಬ್ಯಾಡ ಅಂದಾ.”

ಐದನೆಯ ‘ಯಾಕ’ ಕೇಳುವ ಕೆಲಸವೇ ಉಳಿಯಲಿಲ್ಲ.

ಹಿಡಿಕೆ ಕೂರಿಸಿ ಡ್ರಿಲ್ ಇಳಿಸಿದರೆ ಪೀಸು ಜಾರಿತು, ಡ್ರಿಲ್ ಬಿಟ್ ಟಕ್ಕನೆ ಮುರಿಯಿತು. ಅದೇ ಹೊತ್ತಿಗೆ ಗೌರೀಶ ಸಾಹೇಬರು ಕೇಬಿನ್ನಿನಿಂದ ಹೊರಬಂದರು. “ಎಲ್ಲಾ ಯಾಕ ನಿಂತಾವು?”

ಕಾಕಾನ ಮುಖ ಬಿಳುಚಿತು.

“ನಾನ ನಿಲ್ಲಿಸೇನ್ರೀ ಸರ್” ಅಂದರು ಮೇಡಂ. “ಇನ್ನೊಂದು ತಾಸು ನಿಂದರ್ಲಿ. ಪುಣೆದವರಿಗೆ ನಾ ಹೇಳ್ತೇನಿ.”

ಸಾಹೇಬರು ಗಡಿಯಾರ ನೋಡಿದರು, ಮೇಡಂ ಮುಖ ನೋಡಿದರು, ಒಳಗೆ ಹೋದರು. ಮೇಡಂ ಸುಳ್ಳು ಹೇಳಿದ್ದು ಖರೇ, ಆದರೆ ಅಂದಿನಿಂದ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಕಷ್ಟವಾಯಿತು.

ಬಾಳೇಶ ತಾನಾಗಿಯೇ ಒಂದು ತೆಳು ತಗಡು ಕತ್ತರಿಸಿ ತಂದ. ಕಾಕಾ ಅದನ್ನು ಹಿಡಿಕೆಯ ಕೆಳಗಿಟ್ಟು ಎಡಗೈಯಿಂದ ಒತ್ತಿದ. ಗಚ್ಚ. ಪೀಸು ಅಲುಗಲಿಲ್ಲ. ಸಂಜೆಯ ತನಕ ನನ್ನ ಚೌಕ ಒಮ್ಮೆಯೂ ಖಾಲಿಯಾಗಲಿಲ್ಲ. ತಿಂಗಳ ಕೊನೆಗೆ ಸಾಹೇಬರು ಸಾಲಿನುದ್ದಕ್ಕೂ ನಡೆದು ಬಂದರು, ಕಾಕಾನ ಮೇಜು ದಾಟುವಾಗ ನಿಲ್ಲಲಿಲ್ಲ.

ಆದರೆ ಕಾಕಾ ನನ್ನೊಡನೆ ಮಾತು ಬಿಟ್ಟಿದ್ದ. ಬಸ್ಸಿನಲ್ಲಿ ಡ್ರೈವರನ ಹಿಂದೆ ಹೋಗಿ ಕೂರುತ್ತಿದ್ದ. ನಾನೂ ಕರೆಯಲಿಲ್ಲ. ಸೊಕ್ಕು ನನಗೂ ಇತ್ತು.

ಒಂದು ಸೋಮವಾರ ಆಟೆ ಕೊರೆಯುವ ನನ್ನ ಟ್ಯಾಪ್ ಮೊಂಡಾಯಿತು. ಆಟೆ ಸರಿಯಾಗಿ ಬೀಳುತ್ತಿರಲಿಲ್ಲ. ಬೇರೆ ಟ್ಯಾಪ್ ಕೇಳಿದರೆ ಹೇಗೆ ಕೆಡಿಸಿದೆ ಅನ್ನುತ್ತಾರೆ ಅಂತ ಎಣ್ಣೆ ಸುರಿದು, ಮೈಭಾರ ಹಾಕಿ ಒತ್ತುತ್ತಿದ್ದೆ. ಒಮ್ಮೆಲೆ ಕೆಂಪು ದೀಪ ಹತ್ತಿತು. ನನ್ನದಲ್ಲ, ಕಾಕಾನದು.

ಮೇಡಂ ಬಂದರು. “ಯಾಕ ಕಾಕಾ?”

“ನನ್ನ ಕಡೆ ಎಲ್ಲಾ ಬರೋಬ್ಬರಿ ಐತ್ರೀ” ಅಂದ ಕಾಕಾ. “ಈ ಮಗಂದು ಟ್ಯಾಪ್ ಮೊಂಡ ಆಗೇತಿ. ಹೇಳಾಕ ನಾಚಿಗಿ ಅವಗ. ಕೇಳ್ರಿ, ಐದೂ ಸಲ ಕೇಳ್ರಿ.”

ಎಲ್ಲರೂ ನನ್ನತ್ತ ತಿರುಗಿದರು. ನನ್ನ ಕಿವಿ ಬಿಸಿಯಾಯಿತು. ಬಯ್ಯಲು ಬಾಯಿ ತೆರೆದರೆ ಕಾಕಾ ನಗುತ್ತಿದ್ದ.

ಆ ಸಂಜೆ ಬಸ್ಸಿನಲ್ಲಿ ಅವನು ಟವೆಲು ಹಾಸಿ ಬಾಜುವಿನ ಸೀಟು ಹಿಡಿದಿಟ್ಟಿದ್ದ.