ಆಮೆನ್ ಅಂದ ಮೇಲೆ

ಮಂದ್ರೂಪದ ಪುಟ್ಟ ಚರ್ಚಿನಲ್ಲಿ ಒಂದು ಪದ್ಧತಿಯಿತ್ತು. ಜಗಳ ಏನೇ ಇರಲಿ, ಅದನ್ನು ಪ್ರಾರ್ಥನೆಯಲ್ಲಿ ಹೇಳಿ ಸಭೆಯೆಲ್ಲ ಆಮೆನ್ ಅಂದರೆ ಮುಗಿಯಿತು. ಮತ್ತೆ ಯಾರೂ ಅದನ್ನು ಕೆದಕುವಂತಿಲ್ಲ. ಈ ಪದ್ಧತಿ ತಂದವನು ಸಭೆಯ ಹಿರಿಯ ಭೀಮಣ್ಣ. ಪಾದ್ರಿಗಳು ಸೊಲ್ಲಾಪುರದಿಂದ ತಿಂಗಳಿಗೊಮ್ಮೆ ಬರುತ್ತಿದ್ದರು, ಉಳಿದ ವಾರ ಪ್ರಾರ್ಥನೆ ಮಾಡುವವನು ಅವನೇ. ಇನ್ನೇನು ಬೇಕು? ಸಭೆಯವನೇ ಆದ ಜಟ್ಟೆಪ್ಪನ ಆಡು ತನ್ನ ಹೊಲದ ಕಡಲೆ ಮೇಯ್ದ ವ್ಯಾಜ್ಯವನ್ನು ಅವನು ಹೀಗೇ ಗೆದ್ದಿದ್ದ.

ಅವನ ಅಕ್ಕ ಅಂಜನಾಬಾಯಿ ಸೊಲ್ಲಾಪುರದ ಗಿರಣಿಯಲ್ಲಿ ದುಡಿಯುವ ವಿಧವೆ. ಹೊಸ ಬೆಳೆಯ ಮೊದಲ ತೆನೆಗೆ ದೇವರಿಗೆ ಸ್ತೋತ್ರ ಹೇಳುವ ಭಾನುವಾರಕ್ಕೆಂದು ಬಸ್ಸಿನಲ್ಲಿ ಬಂದಿದ್ದಳು. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಬಂದವಳೇ ಅಪ್ಪನ ಬಾವಿ ಹೊಲದಲ್ಲಿ ತನ್ನ ಅರ್ಧ ಕೇಳಿದಳು. ಆ ಬಾವಿ ತೋಡುವಾಗ ಮಣ್ಣಿನ ಬುಟ್ಟಿ ಹೊತ್ತವಳು ಅವಳು. ಭೀಮಣ್ಣ ಆಗ ತೊಟ್ಟಿಲಲ್ಲಿದ್ದ.

"ಹೆಣ್ಣುಮಕ್ಕಳಿಗೆ ಸೀರಿ, ಬಳಿ. ಊರ ರೀತಿನ ಹಂಗ ಐತಿ ಅಕ್ಕಾ," ಎಂದು ಭೀಮಣ್ಣ ಸೊಲ್ಲಾಪುರದ ನವಿ ಪೇಠೆಯಿಂದ ತಂದ ಸೀರೆಯನ್ನು ಮುಂದಿಟ್ಟ.

ಹೀಗಾಗಿ ಭಾನುವಾರ ಚರ್ಚಿನಲ್ಲಿ ಹೆಂಗಸರ ಚಾಪೆಯ ಮೇಲೆ ಅವಳು ಹಲ್ಲು ಕಚ್ಚಿಕೊಂಡು ಕೂತಿದ್ದಳು. ಭೀಮಣ್ಣನ ಪ್ರಾರ್ಥನೆಯೆಂದರೆ ಎತ್ತಿನ ಗಾಡಿ ಇಳಿಜಾರಿಗೆ ಬಿದ್ದ ಹಾಗೆ, ನಿಲ್ಲಿಸುವುದು ಅವನ ಕೈಯಲ್ಲೂ ಇರಲಿಲ್ಲ. ಮಳೆಗೆ ಸ್ತೋತ್ರ, ಎಮ್ಮೆಗೆ ಸ್ತೋತ್ರ, ಊರಿಗೆ ಹೊಸದಾಗಿ ಬಂದ ಎಸ್‌ಟಿ ಬಸ್ಸಿಗೂ ಸ್ತೋತ್ರ. ತನ್ನ ಧ್ವನಿಗೆ ತಾನೇ ಮರುಳಾಗಿ ಇನ್ನೂ ಏರಿಸಿದ.

"ತಂದೀ, ಕ್ರಿಸ್ತನ ಮನಿಯಾಗ ಗಂಡು ಹೆಣ್ಣು ಅನ್ನೂ ಭೇದ ಇಲ್ಲ. ಮಗಗ ಎಷ್ಟು ಹಕ್ಕೈತೋ ಮಗಳಿಗೂ ಅಷ್ಟ ಐತಿ. ಇಲ್ಲಿ ಕುಂತ ಹೆಣ್ಣುಮಕ್ಕಳಿಗೆಲ್ಲಾ ಅವರವರ ಪಾಲು ಮುಟ್ಟಸು."

"ಆಮೆನ್," ಅಂದಿತು ಸಭೆ. ಅಂಜನಾಬಾಯಿಯ ಆಮೆನ್‌ಗೆ ತೊಲೆಯ ಮೇಲಿನ ಪಾರಿವಾಳಗಳು ಹಾರಿದವು. ಅವಳಿಗೆ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಎದ್ದು ನಿಂತಳು.

"ಭೀಮ್ಯಾ, ನನಗ ಹೊಲದಾಗ ಬಾವಿ ಕಡೆ ಅರ್ಧ ಕೊಡ್ತೀಯೋ, ಬೇವಿನ ಗಿಡದ ಕಡೆ ಅರ್ಧನೋ?"

ಭೀಮಣ್ಣ ಕಣ್ಣು ತೆರೆದ. "ಅಕ್ಕಾ, ನಾ ಹೇಳಿದ್ದು ಸ್ವರ್ಗದ ಪಾಲು."

"ಸ್ವರ್ಗದಾಗ ದೇವರು ಸಮಾ ಹಂಚ್ತಾನ, ಮಂದ್ರೂಪದಾಗ ನೀ ಹಂಚೂದಿಲ್ಲೇನು?"

ಜಟ್ಟೆಪ್ಪ ಮೀಸೆಯೊಳಗೇ ನಗುತ್ತ ಎದ್ದ. "ಆಮೆನ್ ಅಂದ ಮ್ಯಾಲ ಮುಗೀತು ಅಂತ ನೀವ ಹೇಳಿದ್ರಿ, ಭೀಮಣ್ಣಾ. ಬೇಕಾದ್ರ ನನ್ನ ಆಡಿಗೆ ಕೇಳ್ರಿ."

ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಗತೊಡಗಿದರು. ಭೀಮಣ್ಣನ ಹೆಂಡತಿ ಸುಗಲಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ, "ಹಂಗಾದ್ರ ನನ್ನ ತವರೂರು ನಂದೇಶ್ವರದಾಗಿನ ನಮ್ಮಪ್ಪನ ಹೊಲದಾಗ ನಂದೂ ಪಾಲು ಬಂತು," ಅಂದಳು.

ಭೀಮಣ್ಣನ ಮುಖ ಅರಳಿತು. "ಖರೇ ಐತಿ. ನಾಳೆನ ಹೋಗಿ ನಾ ಅಳದು ತಗೋತೀನಿ."

"ನೀವ್ಯಾಕ? ಪಾಲು ನಂದು," ಅಂದಳು ಸುಗಲಾಬಾಯಿ.

ಕೊನೆಗೆ ಭೀಮಣ್ಣನೂ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ.

ಮಧ್ಯಾಹ್ನ ಅವನೇ ಗಡಿಕಲ್ಲು ಹೊತ್ತು ತಂದು ಹೊಲದ ನಡುವೆ ನೆಟ್ಟ. ಬಾವಿ ಇಬ್ಬರದೂ ಆಯಿತು. ಅಂಜನಾಬಾಯಿ ತನ್ನ ಕಡೆಯ ಎಳೆಯ ಜೋಳದ ತೆನೆ ಮುರಿದು, ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ ಸೀತನಿ ಮಾಡಿದಳು. ಅಪ್ಪನ ನೆನಪಾಗಿ ಕಣ್ಣು ತುಂಬಿದವು, ಆದರೆ ನಗು ಮಾತ್ರ ಇನ್ನೂ ನಿಂತಿರಲಿಲ್ಲ. ಬಿಸಿ ಕಾಳನ್ನು ತಮ್ಮನ ಅಂಗೈಗೆ ಸುರಿದಳು.

ತಿನ್ನುವ ಮೊದಲು ರೂಢಿಯಂತೆ ಪ್ರಾರ್ಥನೆಗೆ ಕಣ್ಣು ಮುಚ್ಚಿದ ಭೀಮಣ್ಣ, ತಟ್ಟನೆ ತೆರೆದು ಅಕ್ಕನನ್ನು ನೋಡಿದ.

"ನೀನ ಮಾಡಕ್ಕಾ," ಅಂದ. "ನಾ ಆಮೆನ್ ಅಷ್ಟ ಅಂತೀನಿ."