ಹಾಲಸ್ವಾಮಿ ಸೆಟ್ ಮಾಡಿದ ಪಾಯಿಂಟು

ತಿಮ್ಮರಾಯಪ್ಪ ಬೈಕನ್ನು ತಳ್ಳಿಕೊಂಡು ಬರುವುದನ್ನು ಕಂಡು ಹಾಲಸ್ವಾಮಿಗೆ ಮೈಯೆಲ್ಲ ಉರಿಯಿತು. ಒಂದು ತಿಂಗಳಲ್ಲಿ ಇದು ಮೂರನೇ ಸಲ. ಹಿರಿಯೂರಿನಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ಇಟ್ಟವನು ಅವನು. ತನ್ನ ಕೈ ದಾಟಿದ ಗಾಡಿ ವಾಪಸ್ ಬಂದದ್ದೇ ಇಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು. ಕುರಿ ಸಾಕುವವನಿಗೆ ಬೈಕ್ ಕೊಟ್ಟರೆ ಮಂಗನ ಕೈಗೆ ಮಾಣಿಕ್ಯ ಕೊಟ್ಟಂತೆ ಎಂದು ಗೊಣಗಿಕೊಂಡ.

ಅವನ ತಿರಸ್ಕಾರಕ್ಕೆ ಗುರಿಯಾಗದವರು ಯಾರೂ ಇರಲಿಲ್ಲ. ಕಂಪ್ಯೂಟರ್ ಹಚ್ಚಿ ಗಾಡಿ ನೋಡುವ ಶೋರೂಮಿನವರು ಅವನ ಲೆಕ್ಕದಲ್ಲಿ ಮೆಕ್ಯಾನಿಕ್‌ಗಳೇ ಅಲ್ಲ. ರಸ್ತೆಯ ಆಚೆ ಬದಿಯಲ್ಲಿ ಆರು ತಿಂಗಳ ಹಿಂದೆ ಗ್ಯಾರೇಜ್ ತೆರೆದ ರೋಜಾ ಎಂಬ ಹುಡುಗಿಯಂತೂ ಕಣ್ಣಿಗೆ ಬಿದ್ದ ಕಸ. ಐಟಿಐ ಓದಿದ್ದಾಳಂತೆ. ಪುಸ್ತಕದ ಬದನೆಕಾಯಿ ಎಂದು ಬಂದವರ ಮುಂದೆಲ್ಲ ಮೂಗು ಮುರಿಯುತ್ತಿದ್ದ. ಆದರೆ ಹೊಸ ಗಾಡಿಗಳೆಲ್ಲ ಶೋರೂಮಿನ ಪಾಲಾಗಿ, ಅವನಿಗೆ ಉಳಿದಿದ್ದು ಹಳೇ ಬೈಕುಗಳಷ್ಟೇ. ಅದರಲ್ಲೂ ತಿಮ್ಮರಾಯಪ್ಪನ ಹಟ್ಟಿಯವೇ ಹತ್ತು ಹನ್ನೆರಡು. ಮುಂದಿನ ಕುರಿ ಹಳ್ಳಕ್ಕಿಳಿದರೆ ಹಿಂದಿನವೂ ಇಳಿಯುತ್ತವೆ. ಇವನೊಬ್ಬ ರಸ್ತೆ ದಾಟಿ ರೋಜಾಳ ಹತ್ತಿರ ಹೋದರೆ ತನ್ನ ಗ್ಯಾರೇಜಿಗೆ ಬೀಗವೇ ಗತಿ ಎಂಬುದು ಹಾಲಸ್ವಾಮಿಗೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿಂದ ಹೋಗುವಾಗ ಚೆನ್ನಾಗೇ ಓಡಿತು, ಎರಡು ರಾತ್ರಿ ನಿಂತ ಮೇಲೆ ಎಷ್ಟು ಕಿಕ್ ಹೊಡೆದರೂ ಉಸಿರೆತ್ತಲಿಲ್ಲ ಎಂದು ತಿಮ್ಮರಾಯಪ್ಪ ಮೆಲ್ಲಗೆ ಹೇಳಿದ. ಪೆಟ್ರೋಲಿಗೆ ಆಯಿಲ್ ಸರಿಯಾಗಿ ಬೆರೆಸಿದ್ದೀಯಾ, ಸೀಮೆಎಣ್ಣೆ ಏನಾದರೂ ಹಾಕಿದ್ದೀಯಾ, ಕಿಕ್ ಹೊಡೆಯುವುದನ್ನಾದರೂ ಕಲಿತಿದ್ದೀಯಾ ಎಂದು ಹಾಲಸ್ವಾಮಿ ನಾಲ್ಕು ಜನಕ್ಕೆ ಕೇಳುವಂತೆ ವಿಚಾರಿಸಿದ. ಮೊದಲ ಸಲ ಹೀಗೇ ಬೈದು ಪ್ಲಗ್ ಬದಲಿಸಿದ್ದ. ಎರಡನೇ ಸಲ ಪ್ಲಗ್ ವೈರು, ಕಾಯಿಲ್ ಎರಡನ್ನೂ ಬದಲಿಸಿದ್ದ. ಎರಡು ಸಲವೂ ಹತ್ತಾರು ಕಿಕ್ ಹೊಡೆದ ಮೇಲೆ ಗಾಡಿ ಹೇಗೋ ಸ್ಟಾರ್ಟ್ ಆಗಿತ್ತು. ಈಗ ಪ್ಲಗ್ ಬಿಚ್ಚಿ, ಇಂಜಿನ್ ತಲೆಗೆ ಆನಿಸಿ ಹಿಡಿದು ಕಿಕ್ ಹೊಡೆದ. ಕಿಡಿ ಇಲ್ಲ. ಇನ್ನೊಂದು ಪ್ಲಗ್ ಹಾಕಿದ. ಅದರಲ್ಲೂ ಇಲ್ಲ.

"ಆ ಪಾಯಿಂಟಿನ ಮುಚ್ಚಳಾನೂ ಒಂದ್ಸಲ ಬಿಚ್ಚಿ ನೋಡ್ರಣ್ಣ," ಎಂದ ತಿಮ್ಮರಾಯಪ್ಪ.

"ಲೇ, ನಾನು ಸೆಟ್ ಮಾಡಿದ ಪಾಯಿಂಟು ಎರಡು ವರ್ಷ ಮಿಸುಕಲ್ಲ. ಹೋಗಿ ಎರಡು ಟೀ ತಗಂಬಾ."

ಅವನು ಅತ್ತ ಹೋದದ್ದೇ ಇತ್ತ ಹಾಲಸ್ವಾಮಿ ಮುಚ್ಚಳ ಬಿಚ್ಚಿದ. ಒಳಗೆ ಇರುವೆಗಳು ಗಿಜಿಗುಟ್ಟುತ್ತಿದ್ದವು. ತೆರೆದು ಮುಚ್ಚಿ ಕಿಡಿ ಹುಟ್ಟಿಸಬೇಕಾದ ಪಾಯಿಂಟುಗಳ ನಡುವೆ ಸತ್ತ ಇರುವೆಗಳು ಅಪ್ಪಚ್ಚಿಯಾಗಿ ಅಂಟಿಕೊಂಡಿದ್ದವು. ತಳದಲ್ಲಿ ಹಳದಿ ಅಂಟು, ಹುಳಿ ವಾಸನೆ. ಅದೇನೆಂದು ಹಾಲಸ್ವಾಮಿಗೆ ಯಾರೂ ಹೇಳಬೇಕಾಗಿರಲಿಲ್ಲ. ತೆಂಗಿನಕಾಯಿ ಒಡೆದು ಇಂಜಿನ್ ಮೇಲೆ ಕಾಯಿನೀರು ಸುರಿಯದೆ ಯಾವ ಗಾಡಿಯನ್ನೂ ಅವನು ಗ್ಯಾರೇಜಿನಿಂದ ಕಳಿಸಿದವನಲ್ಲ. ಹಿರಿಯೂರಿನಲ್ಲಿ ಕಾಯಿಗೇನು ಬರ. ಮುಚ್ಚಳದ ರಬ್ಬರ್ ಹರಿದದ್ದನ್ನು ಕಳೆದ ತಿಂಗಳು ಇಂಜಿನ್ ಕೆಲಸ ಮಾಡುವಾಗಲೇ ಕಂಡಿದ್ದ. ಈ ಕುರುಬನ ಗಾಡಿಗೆ ಇಷ್ಟೇ ಸಾಕು ಎಂದು ಹಾಗೇ ಮುಚ್ಚಿದ್ದ. ಆಮೇಲೆ ಮೂರು ಸಲ ಅದರ ಮೇಲೇ ಕಾಯಿನೀರು ಸುರಿದಿದ್ದ. ನಾಚಿಕೆ ಆಯಿತು. ಆದರೆ ಅದನ್ನು ಮುಖದ ಮೇಲೆ ತೋರಗೊಡಲಿಲ್ಲ.

ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಪಾಯಿಂಟುಗಳಿಗೆ ಉಪ್ಪುಕಾಗದ ಉಜ್ಜಿ, ಸಂದು ಸರಿಮಾಡಿ, ಹೊಸ ರಬ್ಬರ್ ಕೂರಿಸಿ ಮುಚ್ಚಿದ. ಒಂದೇ ಕಿಕ್‌ಗೆ ಗಾಡಿ ಸ್ಟಾರ್ಟ್ ಆಯಿತು. ಟೀ ಹಿಡಿದು ಬಂದ ತಿಮ್ಮರಾಯಪ್ಪನ ಮುಖ ಅರಳಿತು. ಏನಾಗಿತ್ತು ಎಂದು ಕೇಳಿದ.

ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

"ನಿನ್ನ ಹೆಂಡ್ತಿ ಬೆಲ್ಲದ ಪಾಕನೋ ಏನೋ ಚೆಲ್ಲವಳೆ. ಒಳಗೆಲ್ಲ ಇರುವೆ. ಗಾಡಿ ರಿಪೇರಿ ಆಮ್ಯಾಕೆ, ಮೊದ್ಲು ಮನೆಯೋಳಿಗೆ ಬುದ್ಧಿ ಹೇಳು."

ತಿಮ್ಮರಾಯಪ್ಪ ಟೀ ಕೆಳಗಿಟ್ಟ. ಒರೆಸಿ ಎಸೆದಿದ್ದ ಬಟ್ಟೆಯನ್ನು ಎತ್ತಿ ನೋಡಿದ, ಮುಚ್ಚಳದ ಅಂಚಿಗೆ ಬೆರಳು ಹಚ್ಚಿ ಮೂಸಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನನ್ನ ಹೆಂಡ್ತಿ ಕಾಟಮ್ಮ ಇವತ್ತಿಗೂ ಈ ಗಾಡಿ ಮುಟ್ಟಿಲ್ಲಣ್ಣ. ಅವಳಿಗೆ ಸಕ್ರೆ ಕಾಯ್ಲೆ, ನಮ್ಮನೇಗೆ ಬೆಲ್ಲ ಬಂದು ನಾಕು ವರ್ಷ ಆತು. ಇದರ ಮ್ಯಾಲೆ ಕಾಯಿನೀರು ಸುರಿಯೋರು ನೀವೊಬ್ರೇ. ಕಾಯಿನೀರು ಅಂತಾನೇ ಅಂದಿದ್ರೆ ನಕ್ಕು ಸುಮ್ಕಾಗ್ತಿದ್ದೆ."

ತಿಮ್ಮರಾಯಪ್ಪ ಗಾಡಿ ಹತ್ತಿ, ಎಡಕ್ಕೆ ಬಲಕ್ಕೆ ನೋಡಿ, ನೇರ ರಸ್ತೆ ದಾಟಿದ. ರೋಜಾ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಏನು ತೊಂದರೆ ಎಂದು ಕೇಳಿದಳು. ಅವನು ಇಂಜಿನ್ ಆರಿಸಿದ್ದರಿಂದ ಮಾತು ಈಚೆಗೂ ಸ್ಪಷ್ಟವಾಗಿ ಕೇಳಿಸಿತು.

"ಗಾಡಿಗೆ ಏನೂ ಆಗಿಲ್ಲಮ್ಮ, ಚೆನ್ನಾಗೈತೆ. ಇನ್ನು ಮ್ಯಾಲೆ ನಮ್ಮ ಹಟ್ಟಿ ಗಾಡಿಗಳೆಲ್ಲ ಇಲ್ಲಿಗೇ ಬರ್ತವೆ ಅಂತ ಹೇಳಾಕೆ ಬಂದೆ."