ಗೆರೆಯ ನೇರಕ್ಕೆ

ಬೊಬ್ಬೆ ಕೇಳಿ ಪೂವಪ್ಪ ತಲೆ ಎತ್ತುವಷ್ಟರಲ್ಲಿ ವಿಕೆಟ್ಟಿನ ಬೇಲ್ಸ್ ಬಿದ್ದಾಗಿತ್ತು, ಲೆಗ್ ಅಂಪೈರಿನ ಬೆರಳು ಮೇಲಿತ್ತು. ಮೊಮ್ಮಗ ದೀಪೇಶ್ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ವಾಪಸು ನಡೆಯುತ್ತಿದ್ದ. ರನ್ ಔಟ್. ಬನ್ಸಿನ ಪೊಟ್ಟಣ ಬಿಚ್ಚಲು ಹೋಗಿ ಅದೊಂದು ಕ್ಷಣ ಅವರ ಕಣ್ಣು ತಪ್ಪಿತ್ತು.

"ಇಂಥ ಅಂಪೈರ್ ಎಲ್ಲ ಮ್ಯಾಚಿಗೂ ಬೇಕು ಮಾರಾಯ್ರೆ!" ಎದುರಾಳಿ ತಂಡದವನೊಬ್ಬ ಕೂಗಿ ನಗಿಸಿದ.

"ಛೆ, ಒಳ್ಳೆ ಆಡ್ತಿದ್ದ," ಎಂದರು ಪಕ್ಕದ ಕುರ್ಚಿಯ ಜೊಕಿಮ್. ಬಾಳೆಹಣ್ಣಿನ ಆ ಬನ್ಸ್ ಜೊಕಿಮರ ಹೆಂಡತಿ ಮಟಿಲ್ಡಾ ಕರಿದು ಕಳಿಸಿದ್ದು. ಅತ್ತಾವರದಲ್ಲಿ ಎರಡು ಮನೆಗೆ ಒಂದೇ ಬಾವಿ ಇದ್ದ ಕಾಲದ ಪರಿಚಯ.

ಬೆರಳೆತ್ತಿದವನು ದೀಪೇಶನದೇ ತಂಡದ ಹುಡುಗ, ಜೊಕಿಮರ ಮೊಮ್ಮಗ ಡೆನ್ಜಿಲ್.

ಉರ್ವದ ಮೈದಾನದಲ್ಲಿ ಅಂದು ಬಿ ಡಿವಿಜನ್ ಲೀಗಿನ ಮೊದಲ ಪಂದ್ಯ. ಇಂಥ ಪಂದ್ಯಕ್ಕೆ ಹೊರಗಿನ ಅಂಪೈರ್ ಒಬ್ಬನೇ ಬರುವುದು. ಬದಿಗೆ ನಿಲ್ಲುವ ಲೆಗ್ ಅಂಪೈರ್ ಬ್ಯಾಟಿಂಗ್ ಮಾಡುವ ತಂಡದವನೇ. ಔಟಾದವನೋ, ಸರದಿ ಕಾಯುವವನೋ ಹೋಗಿ ನಿಲ್ಲುವುದು ರೂಢಿ. ತನ್ನವನ ಮೇಲೆ ಅಪೀಲು ಬಂದರೆ ಅವನ ಕೈ ಸಾಮಾನ್ಯವಾಗಿ ಬೆನ್ನ ಹಿಂದೆಯೇ ಇರುತ್ತದೆ, ಎದುರಿನವರು ಬೈದು ಸುಮ್ಮನಾಗುತ್ತಾರೆ. ಹಾಗಿರುವಾಗ ಡೆನ್ಜಿಲ್ ಯಾಕೆ ಅಷ್ಟು ಬೇಗ ಎತ್ತಿದ?

ವಲಯದ ತರಬೇತಿ ಕ್ಯಾಂಪಿಗೆ ಈ ತಂಡದಿಂದ ಒಬ್ಬನನ್ನು ಮಾತ್ರ ಕರೆಯುತ್ತಾರೆ. ಆರಿಸಲು ಬಂದವನು ಬಿಳಿ ಟೊಪ್ಪಿ ಹಾಕಿ ಮರದಡಿ ಕೂತಿದ್ದ. ಅವನ ಕಣ್ಣಿದ್ದದ್ದು ದೀಪೇಶ್ ಮತ್ತು ಡೆನ್ಜಿಲ್ ಮೇಲೆ. ಬೆಳಿಗ್ಗೆ ಜೊಕಿಮ್ ಆ ಟೊಪ್ಪಿಯವನಿಗೂ ಬನ್ಸ್ ಕೊಟ್ಟು ನಗುತ್ತಾ ಮಾತಾಡಿದ್ದರು. ಆಗ ಪೂವಪ್ಪನವರಿಗೆ ಅದರಲ್ಲಿ ಏನೂ ಕಂಡಿರಲಿಲ್ಲ.

ಜೊಕಿಮ್ ಕೈ ತೊಳೆಯಲು ಎದ್ದು ಹೋದ ಹೊತ್ತಿಗೆ ದೀಪೇಶ್ ಪ್ಯಾಡ್ ಬಿಚ್ಚಿ ನೀರು ಕುಡಿಯಲು ಬಂದ.

"ಔಟ್ ಇತ್ತಾ?"

"ಗೊತ್ತಿಲ್ಲ ಅಜ್ಜ. ಡೈವ್ ಹೊಡೆದದ್ದು, ಕಣ್ಣಿಗೆಲ್ಲ ಮಣ್ಣು."

"ನನಗೆ ಗೊತ್ತುಂಟು. ಅವನಿಗೆ ಕ್ಯಾಂಪಿಗೆ ಹೋಗ್ಲಿಕ್ಕುಂಟು."

"ಎಂತ ಅಜ್ಜ ನೀವು! ಡೆನ್ಜಿ ಹಾಗೆಲ್ಲ ಮಾಡುವವನಲ್ಲ."

"ಮಾಡಿದನಲ್ಲ ಮಾರಾಯ, ಇಷ್ಟು ಜನರ ಎದುರು! ಈಗ ಅಲ್ಲಿ ನಿಲ್ಲುವುದು ಯಾರು?"

"ನಾನೇ."

"ಹಾಗಾದ್ರೆ ಅವನು ಮಾಡಿದ್ದು ಮರೀಬೇಡ."

ದೀಪೇಶ್ ಬಾಟಲಿ ಕೆಳಗಿಟ್ಟು ಹೋದ.

ಸ್ವಲ್ಪದರಲ್ಲೇ ಡೆನ್ಜಿಲ್ ಆಡಲು ಇಳಿದ. ಅವನ ಎರಡು ಹೊಡೆತ ಬೌಂಡರಿ ದಾಟಿದ್ದೇ ಟೊಪ್ಪಿಯವನು ಮುಂದಕ್ಕೆ ಬಾಗಿ ಕೂತ. ಪೂವಪ್ಪ ಎದ್ದು ಕುರ್ಚಿಯನ್ನು ಬ್ಯಾಟು ಮುಟ್ಟಿಸುವ ಬಿಳಿ ಗೆರೆಯ ಸರಿ ನೇರಕ್ಕೆ ಎಳೆದುಕೊಂಡರು. ಪಿಚ್ಚಿನ ಆಚೆ ದೀಪೇಶ್, ಈಚೆ ಅವರು.

"ಎಂತ ಪೂವಪ್ಪಣ್ಣ, ಬಿಸಿಲು ಬಂತಾ?" ಜೊಕಿಮ್ ತಮ್ಮ ಕುರ್ಚಿಯನ್ನೂ ಹತ್ತಿರ ತಂದರು.

"ಇಲ್ಲಿಂದ ಸರಿ ಕಾಣ್ತದೆ ಜೊಕಿಮ್ ಪೊರ್ಬುಗಳೇ."

ಡೆನ್ಜಿಲ್ ಎರಡನೇ ರನ್ನಿಗೆ ಓಡಿದ. ಚೆಂಡು ಬಂತು, ಕೀಪರ್ ಬೇಲ್ಸ್ ಹಾರಿಸಿದ. ಅದಕ್ಕೂ ಮೊದಲೇ ಡೆನ್ಜಿಲನ ಬ್ಯಾಟು ಗೆರೆ ದಾಟಿ ಒಂದು ಗೇಣು ಒಳಗಿತ್ತು. ಈ ಸಲ ಪೂವಪ್ಪನವರ ಕಣ್ಣು ತಪ್ಪಿರಲಿಲ್ಲ.

ಎದುರಾಳಿಗಳೆಲ್ಲ ದೀಪೇಶನ ಕಡೆ ತಿರುಗಿ ಬೊಬ್ಬೆ ಹಾಕಿದರು. ಅವನ ಕೈ ಬೆನ್ನ ಹಿಂದೆ ಇತ್ತು. ಅವನು ಗೆರೆ ನೋಡಲಿಲ್ಲ, ಅಜ್ಜನ ಕುರ್ಚಿಯ ಕಡೆ ನೋಡಿದ.

ಪೂವಪ್ಪ ಅರ್ಧ ಎದ್ದರು. ಎತ್ತಬೇಕೆಂದ ಕೈ ಕುರ್ಚಿಯ ಹಿಡಿಯಲ್ಲೇ ಉಳಿಯಿತು.

ದೀಪೇಶನ ಬೆರಳು ಮೇಲೆ ಹೋಯಿತು.

"ಇವರಿಗೆಲ್ಲ ಎಂತ ಆಗಿದೆ ಇವತ್ತು!" ಮೊದಲು ಕೂಗಿದವನೇ ಮತ್ತೆ ಕೂಗಿದ. ಡೆನ್ಜಿಲ್ ಗೆರೆಯನ್ನೊಮ್ಮೆ, ದೀಪೇಶನನ್ನೊಮ್ಮೆ ನೋಡಿ ಗ್ಲೌಸ್ ಕಳಚುತ್ತಾ ಹೊರಗೆ ನಡೆದ. ಮರದಡಿ ಕೂತವನು ಟೊಪ್ಪಿ ತೆಗೆದು ತಲೆ ಒರೆಸಿಕೊಂಡ.

ಜೊಕಿಮ್ ಹಣೆಗೆ ಕೈ ಅಡ್ಡ ಹಿಡಿದು ಪಿಚ್ಚಿನ ಕಡೆ ನೋಡಿದರು. ಆಮೇಲೆ, "ಔಟೇ ಇರಬೇಕು," ಎಂದರು. "ದೀಪೇಶ್ ಸುಮ್ಮನೆ ಕೈ ಎತ್ತುವ ಹುಡುಗ ಅಲ್ಲ. ನನಗೆ ಅಷ್ಟು ದೂರ ಕಾಣುವುದಿಲ್ಲ. ನೀವು ನೇರಕ್ಕೆ ಕೂತಿದ್ದೀರಲ್ಲ, ಔಟ್ ಅಲ್ವಾ?"

ಪೂವಪ್ಪ ತೊಡೆಯ ಮೇಲಿದ್ದ ಬನ್ಸಿನ ಪೊಟ್ಟಣವನ್ನು ಮಡಚತೊಡಗಿದರು. ಎಣ್ಣೆ ಹೀರಿದ ಕಾಗದ ಮಡಿಕೆಗೆ ನಿಲ್ಲದೆ ಬಿಚ್ಚಿಕೊಂಡಿತು. ಅವರು ಮತ್ತೆ ಮಡಚಿದರು.